ಸರ್ಕಾರಕ್ಕೆ ಕಳಿಸಿದ ನೀರು

ಕಲ್ಲನ್ನು ಎತ್ತಿದ ಕೂಡಲೇ ಅಬ್ದುಲ್ ರಶೀದ್ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಕಲ್ಲಿನ ಅಡಿಯಲ್ಲಿ ಲೋಳೆ. ಲೋಳೆಯೊಳಗೆ ಕೆಂಪು ದಾರದ ತುಂಡುಗಳಂಥ ಹುಳುಗಳು ಒಂದಕ್ಕೊಂದು ಹೆಣೆದುಕೊಂಡು ಮಿಸುಕಾಡುತ್ತಿದ್ದವು. ಕೊಳೆತ ಮೊಟ್ಟೆಯ ನಾತ ನೇರ ಗಂಟಲಿಗೇ ಇಳಿಯಿತು. ಕಲ್ಲು ಕೈಜಾರಿ ಬಿತ್ತು. ಚಿಮ್ಮಿದ ಕಪ್ಪು ಹನಿಯೊಂದು ತುಟಿಗೆ ತಾಗಿತು. ತೋಳಿನಿಂದ ಒರೆಸಿಕೊಂಡ, ತೋಳೂ ಅದೇ ನೀರಿನಲ್ಲಿ ನೆಂದಿತ್ತು. ದಡಕ್ಕೆ ಬಂದು ಕೂತು ಉಗುಳಿದ, ಮತ್ತೆ ಉಗುಳಿದ. ಬೆಳಿಗ್ಗೆ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಕುಡಿದ ಟೀ ಬಾಯಿಗೆ ಬಂತು.

"ಕುಡೀರಿ ಸಾಬ್ರೆ, ಕುಡೀರಿ," ಎಂದು ಹಿಂದಿನಿಂದ ಒಂದು ದನಿ. "ಕುಡ್ಯಾಕೆ ಅಡ್ಡಿ ಇಲ್ಲ ಅಂತ ನೀವೇ ಬರ್ಸಿರೋದಲ್ವಾ. ಈಗ್ಯಾಕೆ ನಾಚ್ಕೆ?"

ಹಟ್ಟಿಯ ಹಿರಿಯ ಉಗ್ರಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು ನಿಂತಿದ್ದ. ಅವನ ಕುರಿಗಳು ನೀರಿನ ಅಂಚಿಗೆ ಬಂದು, ಮೂಸಿ, ಹಿಂದಕ್ಕೆ ಸರಿಯುತ್ತಿದ್ದವು.

ರಶೀದ್ ಬಾಟಲಿಗಳ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ. ಹೊಳೆನೀರು ಕೆಡಿಸುವುದನ್ನು ತಡೆಯುವ ಹೊಸ ಕಾನೂನು ಬಂದ ಮೇಲೆ ಚಿತ್ರದುರ್ಗದ ಆಫೀಸಿನಲ್ಲಿ ಅವನಿಗೆ ಸಿಕ್ಕ ಕೆಲಸವೆಂದರೆ ಇದು: ಬಸ್ಸು ಹತ್ತಿ ಹೊಳೆ ಹಳ್ಳಗಳಿಗೆ ಹೋಗುವುದು, ಕಲ್ಲು ಎತ್ತಿ ಅಡಿಯಲ್ಲಿ ಏನು ಬದುಕಿದೆ ನೋಡುವುದು, ಗಾಜಿನ ಬಾಟಲಿಯಲ್ಲಿ ನೀರು ತುಂಬಿ ಪರೀಕ್ಷೆಗೆ ಬೆಂಗಳೂರಿಗೆ ಕಳಿಸುವುದು. ಈ ಹಟ್ಟಿಗೂ ಹಿರಿಯೂರಿಗೂ ನಡುವೆ ವೇದಾವತಿಯ ದಡದಲ್ಲಿ ಒಂದು ನಾರಿನ ಕಾರ್ಖಾನೆ ಎದ್ದಿತ್ತು. ತೆಂಗಿನ ಸಿಪ್ಪೆಯನ್ನು ಗುಂಡಿಗಳಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಗುಂಡಿ ತುಂಬಿದಾಗ ಅವರು ಏರಿ ಒಡೆದು ಕೊಳಕನ್ನೆಲ್ಲ ಹೊಳೆಗೆ ಬಿಡುತ್ತಿದ್ದರು. ಬೇಸಿಗೆಯ ಸಣ್ಣ ಹರಿವು ಅದನ್ನು ಎಲ್ಲಿಗೆ ತಾನೆ ಒಯ್ಯುತ್ತದೆ? ಹಟ್ಟಿಯ ಮುಂದೆ ತಂದು ನಿಲ್ಲಿಸುತ್ತಿತ್ತು. ಹಟ್ಟಿಯವರು ಅರ್ಜಿ ಕೊಟ್ಟಿದ್ದರು. ಹೋದ ತಿಂಗಳು ಇಲ್ಲಿಂದ ಬೆಂಗಳೂರಿಗೆ ಹೋದ ನೀರು ಕುಡಿಯಲು ಯೋಗ್ಯ ಎಂದು ಅಲ್ಲಿಂದ ವರದಿ ಬಂದಿತ್ತು. ಕಾರ್ಖಾನೆಯ ಮೇಸ್ತ್ರಿ ಅದನ್ನು ಹಟ್ಟಿಗೇ ಬಂದು, ಜನರನ್ನು ಕೂರಿಸಿಕೊಂಡು, ಎರಡು ಸಲ ಓದಿ ಹೇಳಿ ಹೋಗಿದ್ದ.

"ಕಾರ್ಖಾನೆ ಸಾವ್ಕಾರ್ರು ಎಷ್ಟು ಎಳ್ನೀರು ಕುಡಿಸಿದ್ರು ಸಾಬ್ರೆ?" ಉಗ್ರಪ್ಪ ಬಿಡಲಿಲ್ಲ. "ಒಳ್ಳೆ ಗಂಜಿ ಬಿದ್ದಿರೋ ಕಾಯೇ ಕೆತ್ತಿಸಿರ್ಬೇಕು."

"ನಾನು ಏನು ಕುಡ್ದೆ ಅಂತ ಈಗ ಕಣ್ಣಾರೆ ನೋಡಿದ್ಯಲ್ಲ, ಸಾಕು ಸುಮ್ನಿರಪ್ಪ," ಎಂದು ರಶೀದ್ ಎದ್ದ. "ಓಬಕ್ಕ ಎಲ್ಲಿ? ನಂಗೆ ಆಯಮ್ಮನ ತಾವ ಒಂದು ಮಾತು ಕೇಳ್ಬೇಕಾಗೈತೆ."

ವರದಿ ಬಂದಾಗಿನಿಂದ ಅವನು ಈ ಮಾತು ಕೇಳಬೇಕೆಂದಿದ್ದ. ಹೋದ ತಿಂಗಳು ಅವನು ಬಾಟಲಿಗಳನ್ನು ತಾನೇ ತುಂಬಿರಲಿಲ್ಲ. ಆ ದಿನ ಮನೆಯಲ್ಲಿ ಮಗಳು ಮೆಹರುನ್ನೀಸಾಳಿಗೆ ಹೆರಿಗೆ ನೋವು ಶುರುವಾಗಿತ್ತು, ಬಸ್ಸಿನ ಹೊತ್ತಾಗಿತ್ತು. ನಾತಕ್ಕೆ ನೀರಿನ ಹತ್ತಿರ ಹೋಗಲು ಮನಸ್ಸು ಒಪ್ಪಿರಲಿಲ್ಲ ಎಂಬುದೂ ಸುಳ್ಳಲ್ಲ. ದಡದಲ್ಲಿ ಸಿಕ್ಕ ಓಬಕ್ಕನ ಕೈಗೆ ಎರಡು ಬಾಟಲಿ ಕೊಟ್ಟು, "ಹೊಳೆ ನೀರು ತುಂಬಿಸಿ ನಾಳೆ ಸಂತೆಗೆ ಬಂದಾಗ ಬಸ್ ಸ್ಟ್ಯಾಂಡಿನ ಟೀ ಅಂಗಡೀಲಿ ಕೊಟ್ಟು ಹೋಗಕ್ಕ," ಎಂದು ಹೇಳಿ ಓಡಿದ್ದ. ಅವಳು ಮಾತಿಗೆ ತಪ್ಪದೆ ಕೊಟ್ಟುಹೋಗಿದ್ದಳು.

ಓಬಕ್ಕ ಹಟ್ಟಿಯ ಮುಳ್ಳುಬೇಲಿಯಿಂದ ಆಚೆ, ಹೊಳೆಗೆ ಹತ್ತಿರವಾಗಿ ಹಾಕಿದ್ದ ಗರಿಯ ಗುಡಿಸಲಿನ ಎದುರು ದೂರದಲ್ಲಿ ಕೂತಿದ್ದಳು. ಗುಡಿಸಲು ಎಂದರೆ ಬಗ್ಗಿ ನುಗ್ಗುವಷ್ಟು ಎತ್ತರ. ಅದರೊಳಗೆ ಅವಳ ಮಗಳು ಕಾಳಕ್ಕ ಚೊಚ್ಚಲ ಹೆತ್ತು ತಿಂಗಳ ಮೇಲಿನಿಂದ ಕೂತಿದ್ದಳು. ಮೂರು ತಿಂಗಳ ಸೂತಕ ಕಳೆಯುವ ತನಕ ಬಾಣಂತಿ ಹಟ್ಟಿಯೊಳಗೆ ಕಾಲಿಡುವಂತಿಲ್ಲ, ಹಟ್ಟಿ ಬಾವಿಯ ನೀರು ಅವಳ ಕೊಡಕ್ಕೆ ಬೀಳುವಂತಿಲ್ಲ. ಹಿಂದಿನಿಂದಲೂ ಬಾಣಂತಿಗೆ ಹೊಳೆಯೇ ಗತಿ. ಅದಕ್ಕೇ ಗುಡಿಸಲನ್ನು ಹೊಳೆಯ ಮಗ್ಗುಲಿಗೆ ಹಾಕುತ್ತಿದ್ದರು.

ಕಾಳಕ್ಕ ಕಾಲು ಚಾಚಿ ಕೂತು ಮಗುವಿಗೆ ನೀರು ಹಾಕುತ್ತಿದ್ದಳು. ತಂಬಿಗೆಯಿಂದ ಬೀಳುತ್ತಿದ್ದ ನೀರು ಹಳೆ ಕಷಾಯದ ಬಣ್ಣಕ್ಕಿತ್ತು. ಮಗುವಿನ ತೊಡೆಯ ಸಂದಿನಲ್ಲಿ, ಕುತ್ತಿಗೆಯ ಮಡಿಕೆಯಲ್ಲಿ ಕೆಂಪಗೆ ಹುಣ್ಣು; ಒಂದೆರಡು ಒಡೆದು ಒದ್ದೆಯಾಗಿದ್ದವು. ನೀರು ಬಿದ್ದಾಗಲೆಲ್ಲ ಮಗು ಕಿರುಚುತ್ತಿತ್ತು. ರಶೀದ್‌ಗೆ ತನ್ನ ಮನೆ ನೆನಪಾಯಿತು. ಒಳಕೋಣೆಯಲ್ಲಿ ಲೋಬಾನದ ಹೊಗೆ, ಕಾಯಿಸಿ ಸೋಸಿದ ನೀರು, ಅಜ್ಜಿಯ ತೊಡೆಯ ಮೇಲೆ ನಗುವ ಮೊಮ್ಮಗ. ನೆನಪಾದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಅವನನ್ನು ಕಂಡು ಓಬಕ್ಕನ ಮುಖ ಅರಳಿತು. "ಬರ್ರಿ ಸಾಬ್ರೆ, ಕುಂತ್ಕಳ್ರಿ. ಮಗಳು ಹೆತ್ಳಾ? ಏನ್ ಕೂಸು?"

"ಗಂಡು, ಓಬಕ್ಕ."

"ಒಳ್ಳೇದಾಯ್ತು ಬಿಡ್ರಿ." ಅವಳು ತುಸು ತಡೆದು, ಸೆರಗು ಸರಿಮಾಡಿಕೊಂಡು ಕೇಳಿದಳು: "ನಾ ಕಳ್ಸಿದ್ ನೀರು ಚೆನ್ನಾಗಿತ್ತೇನ್ರಿ?"

ರಶೀದ್ ಅವಳನ್ನೇ ನೋಡಿದ. "ಎಲ್ಲಿಂದ ತುಂಬಿಸಿದ್ದೆ?"

"ಹೊಳೇಲೇ. ಕಾರ್ಖಾನೆಯಿಂದ ಮ್ಯಾಲೆ, ಆ ಹೊಂಗೆ ಮರದ ತಾವ ಮರಳು ಒಳ್ಳೇದೈತೆ. ಅಲ್ಲಿ ಮೊಣಕೈ ಉದ್ದ ಒರತೆ ತೋಡಿದೆ. ಮೊದ್ಲು ಬಂದ ನೀರೆಲ್ಲ ಎತ್ತಿ ಚೆಲ್ಲಿದೆ. ತಿಳಿ ಬರೋಗಂಟ ಕುಂತಿದ್ದು, ಸೆರಗಿನಾಗೆ ಸೋಸಿ ತುಂಬಿಸ್ದೆ. ನಿಮ್ಮ ಬಾಟ್ಲಿನೂ ಬೂದಿ ಹಾಕಿ ತೊಳ್ದಿದ್ದೆ ಮತ್ತೆ, ಒಳಗೆ ಏನೋ ಔಷಧಿ ವಾಸ್ನೆ ಬರ್ತಿತ್ತು."

ಹಿಂದೆಯೇ ಬಂದಿದ್ದ ಉಗ್ರಪ್ಪ ಹೆಗಲಿನ ಕಂಬಳಿ ನೆಲಕ್ಕೆ ಬಿಸಾಕಿದ. "ಥೂ ನಿನ್ನ! ಲೇ ಓಬಿ, ಈ ನಾರೋ ನೀರು ತೋರ್ಸಾಕಲ್ವೇನೇ ಅರ್ಜಿ ಕೊಟ್ಟಿದ್ದು? ಮೇಸ್ತ್ರಿ ಬಂದು ನಮ್ಮ ಮಖಕ್ಕೆ ಉಗ್ದಂಗೆ ಓದಿ ಹೋದ್ನಲ್ಲೇ, ನಿನ್ನ ಒರತೆ ನೀರಿಂದಲೇನೇ?"

ಓಬಕ್ಕನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದ ಮೇಲೂ ಅವಳು ತಗ್ಗಲಿಲ್ಲ. "ಹೊಳೆ ನೀರು ತುಂಬ್ಸು ಅಂದ್ರು, ತುಂಬಿಸ್ದೆ. ಹೊಳೆ ನೀರು ಅಂದ್ರೆ ಒರತೆ ನೀರಲ್ಲೇನು? ಹರಿಯೋ ನೀರ್ನ ನಿಮ್ಮಪ್ಪ ಯಾವತ್ತಾರ ಕೊಡಕ್ಕೆ ತುಂಬಿದ್ನಾ? ಅದು ಕುರಿಗೆ, ಬಟ್ಟೆಗೆ. ಬೆಂಗ್ಳೂರಿನ ಸಾಹೇಬ್ರ ಮನೆಗೆ ಹೋಗೋ ನೀರಿದು, ಹೊಲಸು ತುಂಬಿ ಕಳ್ಸಾಕೆ ನಾನೇನು ಮಾನ ಬಿಟ್ಟೋಳಾ? ಗುಡ್ಲ ಮುಂದೆ ತೋಡಿದ್ರೆ ಒರತೇನೂ ಚಾ ಬಣ್ಣಕ್ಕೇ ಬರ್ತೈತೆ. ಅದಕ್ಕೇ ದಿನಾ ಅಷ್ಟು ದೂರ ಹೋಗಿ ಈ ಕೂಸಿನ ತಾಯಿಗೆ ಒಂದು ಕೊಡ ಕುಡ್ಯಾಕೆ ತರ್ತೀನಿ. ಅದ್ರಾಗಿಂದೇ ತುಂಬಿಸ್ದೆ. ಆವತ್ತು ಅವ್ಳಿಗೆ ಅರ್ಧ ಕೊಡ ಕಮ್ಮಿ ಆಯ್ತು, ಗೊತ್ತಾ?"

ಮಗು ಅಳುತ್ತಿತ್ತು.

"ಆ ಕೂಸಿಗೆ ಆ ನೀರು ಹಾಕ್ಬೇಡ್ರಿ," ಎಂದ ರಶೀದ್. "ಉಗ್ರಪ್ಪ, ನಿಮ್ಮ ಬಾವಿ ನೀರು ತಿಳಿಯಾಗೈತೆ. ಎರಡು ಕೊಡ ಸೇದಿ ದೂರದಿಂದಲೇ ಹುಯ್ಯಾಕೆ ಏನು ಅಡ್ಡಿ?"

ಉಗ್ರಪ್ಪನ ಮುಖ ಬಿಗಿಯಿತು. ಕಂಬಳಿಯನ್ನು ಎತ್ತಿ ಕೊಡವಿದ. "ಅದು ಬೇರೆ ಮಾತು ಸಾಬ್ರೆ. ಅದು ದೇವ್ರ ಸಂಗ್ತಿ. ನೀವು ನಿಮ್ಮ ಬಾಟ್ಲಿ ನೋಡ್ಕಳ್ರಿ."

"ಜಗಳ ಆಡ್ಕಂಡಿರ್ರಿ," ಎಂದಳು ಗುಡಿಸಲಿನಿಂದ ಕಾಳಕ್ಕ. ತಲೆ ಎತ್ತದೆ, ಮಗುವಿನ ಮೈಯನ್ನು ಹಳೆ ಸೀರೆಯ ತುಂಡಿನಲ್ಲಿ ಒತ್ತುತ್ತ ಹೇಳಿದಳು. "ಈ ನೀರು ನೋಡಾಕೆ ಎಷ್ಟೊಂದು ಜನ ಬಂದ್ರಿ, ಹೋದ್ರಿ. ಒಬ್ರಾರ ಒಂದು ಕೊಡ ತಂದ್ರಾ?"

ಉಗ್ರಪ್ಪ ಕುರಿಗಳ ಕಡೆ ತಿರುಗಿ ಜೋರಾಗಿ ಹೂಂಕರಿಸಿದ. ರಶೀದ್ ಪ್ಯಾಂಟು ಮಡಿಚಿಕೊಂಡು ನೀರಿಗಿಳಿದ.

ಈ ಸಲ ಅವನು ನಡುಹರಿವಿನ ತನಕ ಹೋದ. ಕೆಸರು ಕಾಲನ್ನು ಚಪ್ಪರಿಸಿ ಚಪ್ಪರಿಸಿ ಬಿಡುತ್ತಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಅಡಿಯಿಂದ ಗುಳ್ಳೆಗಳೆದ್ದು ಒಡೆದು ನಾತ ಕಾರುತ್ತಿದ್ದವು. ಮೇಲಿನಿಂದ ಬರುವ ನೀರಿಗೆ ಮುಖ ಮಾಡಿ ನಿಂತು, ಅದೇ ನೀರಿನಲ್ಲಿ ಬಾಟಲಿಗಳನ್ನು ಜಾಲಿಸಿ ಚೆಲ್ಲಿ, ಮತ್ತೆ ಜಾಲಿಸಿ, ಆಮೇಲೆ ಮುಳುಗಿಸಿ ತುಂಬಿದ. ಗಾಜಿನ ಬಿರಡೆ ಒತ್ತಿದ. ಎರಡು ಬಾಟಲಿಗಳೂ ಮಸಿ ಕುಡಿಕೆಯಂತೆ ಕಂಡವು.

ದಡಕ್ಕೆ ಬಂದಾಗ ಓಬಕ್ಕ ಕೈ ಚಾಚಿ ಅವನ್ನು ಇಸಿದುಕೊಂಡಳು. ಬೇಡವೆಂದರೂ ಕೇಳದೆ ಹೊರಮೈಯನ್ನು ಸೆರಗಿನಿಂದ ಒರೆಸಿದಳು. ಒಂದಕ್ಕೆ ಒಗೆದ ಬಿಳಿ ಬಟ್ಟೆಯ ಚೂರು ಸುತ್ತಿ, ಬಿರಡೆಯ ಮೇಲೆ ಗಂಟು ಹಾಕಿದಳು. "ಇಂಥದ್ನ ಕಳ್ಸೋ ಕಾಲ ಬಂತು. ಮ್ಯಾಲಾದ್ರೂ ಚೊಕ್ಕಟ ಇರ್ಲಿ," ಎಂದಳು.

ಬಸ್ಸಿನಲ್ಲಿ ಅವನ ಪಕ್ಕ ಕೂತವರು ಒಬ್ಬೊಬ್ಬರಾಗಿ ಎದ್ದು ಮುಂದೆ ಹೋದರು. "ಯಾರ್ರೀ ಅದು, ಸತ್ತ ಕುರಿ ಹತ್ತಿಸ್ಕಂಡಿರೋರು?" ಎಂದು ಕಂಡಕ್ಟರ್ ಕೂಗಿದ. ಬಸ್ಸೆಲ್ಲ ನಕ್ಕಿತು. ನಾತ ಬಾಟಲಿಯದಲ್ಲ, ತನ್ನ ಪ್ಯಾಂಟಿನದು, ತನ್ನ ಉಗುರಿನ ಸಂದಿನದು ಎಂದು ರಶೀದ್‌ಗೆ ಗೊತ್ತಿತ್ತು. ಕಿಟಕಿಯಾಚೆ ನೋಡುತ್ತ ಚಿತ್ರದುರ್ಗದ ತನಕ ಹಾಗೇ ಕೂತ.

ಆಫೀಸಿನಲ್ಲಿ ಇಂಜಿನಿಯರ್ ಸಾಹೇಬರು ಊಟದ ಡಬ್ಬಿ ಬಿಚ್ಚಿದ್ದರು. ತಲೆಯ ಮೇಲಿನ ಬೋರ್ಡು ಮಾತು ಕಡಿಮೆ ಮಾಡಿ ಹೆಚ್ಚು ದುಡಿಯಲು ಹೇಳುತ್ತಿತ್ತು.

"ಏನ್ರೀ ಇದು, ಥೂ! ಹೊರಗಿಡಿ, ಹೊರಗಿಡಿ. ಮನುಷ್ಯ ಊಟ ಮಾಡೋ ಜಾಗ."

ಜವಾನ ಅಂಜನಪ್ಪ ಎರಡು ಬೆರಳಿನಲ್ಲಿ ಚೀಲ ಎತ್ತಿ ಹೊರಗಿನ ಮೆಟ್ಟಿಲ ಮೇಲಿಟ್ಟು, ಕೈ ತೊಳೆಯಲು ನಲ್ಲಿಯ ಕಡೆ ಹೋದ. ರಶೀದ್ ಮೆಟ್ಟಿಲ ಪಕ್ಕದಲ್ಲೇ ನಿಂತ. ಒಳಗೆ ಊಟ ಮುಗಿಯಿತು, ಎಲೆಅಡಿಕೆ ಆಯಿತು, ಯಾರದೋ ಫೋನು ಬಂತು. ಒಳಗೆ ಕರೆದಾಗ ಅವನು ಚೀಲ ಹಿಡಿದು ಹೋಗಿ, ಬಾಟಲಿ ತೆಗೆದು ನೋಡಿದ. ಕಪ್ಪು ತಳಕ್ಕೆ ಕೂತು, ಮೇಲೆ ಮುಕ್ಕಾಲು ಪಾಲು ನೀರು ತೆಳು ಚಹಾದಷ್ಟೇ ಬಣ್ಣಕ್ಕೆ ತಿಳಿಯಾಗಿತ್ತು.

"ತಿಳಿ ಆಯ್ತಲ್ರಿ!" ಎಂದ ಅಂಜನಪ್ಪ.

ಸಾಹೇಬರೂ ಬಗ್ಗಿ ನೋಡಿದರು. ಅವರಿಗೂ ಸಮಾಧಾನವಾದಂತಿತ್ತು. ರಶೀದ್ ಒರತೆಯ ಕಥೆಯನ್ನೆಲ್ಲ ಹೇಳಿದ. ಅವರು ಹಲ್ಲು ಸಂದಿನ ಅಡಿಕೆ ತೆಗೆಯುತ್ತ ಕೇಳಿದರು.

"ಸರಿ ಕಣ್ರೀ. ಆದರೆ ಹೋದ ತಿಂಗಳು ನಮ್ಮ ಆಫೀಸಿಂದಲೇ ಕುಡಿಯೋ ನೀರು ಹೋಗಿದೆ. ಈ ತಿಂಗಳು ಕೊಚ್ಚೆ ಕಳಿಸಿದರೆ ಮೊದಲನೇದು ಯಾರು ತುಂಬಿದ್ದು ಅಂತ ಬೆಂಗಳೂರಿನವರು ಕೇಳಲ್ವಾ? ಯಾರದೋ ಹೆಂಗಸು ಸೀರೆ ಸೆರಗಲ್ಲಿ ಸೋಸಿದಳು ಅಂತ ಬರೀಲಾ? ನಿಮಗೇ ಕಷ್ಟ. ಇದೂ ಅಂಥಾ ಏನಿಲ್ಲ, ನೋಡಿ, ಬಿಟ್ಟರೆ ತಿಳಿಯಾಗುತ್ತೆ. ಮಳೆ ಬಂದು ಹೊಳೆ ತೊಳೆದುಕೊಂಡು ಹೋಗಲಿ, ಆಮೇಲೆ ನೋಡೋಣ."

"ಅಲ್ಲಿ ಒಂದು ಹಸುಗೂಸು ಐತೆ ಸಾರ್."

"ಎಲ್ಲಾ ಊರಲ್ಲೂ ಇರುತ್ತಪ್ಪ."

ಸಾಹೇಬರು ಬೇರೆ ಕಾಗದ ಎಳೆದುಕೊಂಡರು. ರಶೀದ್ ಬಟ್ಟೆ ಸುತ್ತಿದ್ದ ಬಾಟಲಿಯನ್ನು ಕೈಗೆತ್ತಿಕೊಂಡು ಕುಲುಕಿದ. ತಳದ ಕಪ್ಪೆಲ್ಲ ಎದ್ದು ಬಂತು. ಓಬಕ್ಕ ಹಾಕಿದ್ದ ಗಂಟನ್ನು ಬಿಚ್ಚಿ, ಬಟ್ಟೆಯ ಸಮೇತ ಬಿರಡೆಯನ್ನು ಕಿತ್ತು, ಬಾಟಲಿಯನ್ನು ಸಾಹೇಬರ ಮೇಜಿನ ನಡುವೆ ಇಟ್ಟ.

ಫ್ಯಾನು ತಿರುಗುತ್ತಿತ್ತು. ನಾತ ಮೊದಲು ಅಂಜನಪ್ಪನನ್ನು ಮುಟ್ಟಿತು. ಅವನು ಬಾಗಿಲಿನಾಚೆ ಹೋಗಿ ನಿಂತ. ಸಾಹೇಬರು ಕರ್ಚೀಫು ಹುಡುಕಿದರು, ಸಿಗಲಿಲ್ಲ, ಅಂಗೈಯಿಂದಲೇ ಮೂಗು ಮುಚ್ಚಿಕೊಂಡರು. ಅವರ ಕಣ್ಣು ತುಂಬಿಕೊಂಡಿತು.

"ಮುಚ್ರೀ ಅದನ್ನ! ತಲೆ ಕೆಟ್ಟಿದೆಯಾ?"

"ಎರಡನೇ ಬಾಟ್ಲಿ ನಿಮ್ಮ ಸಹಿ ಜೊತೆ ಬೆಂಗ್ಳೂರಿಗೆ ಹೋಗ್ಬೇಕು ಸಾರ್. ನೀವೂ ಒಂದ್ಸಲ ಬಂದು ನೋಡ್ಬೇಕು."

"ಹೋಗಲಿ, ಕಳಿಸಿ, ನಾಳೆ ಜೀಪು ತಗೊಂಡು ಹೋಗೋಣ. ಅಯ್ಯೋ, ಮೊದಲು ಮುಚ್ಚಿ ಮಹರಾಯ!"

"ಬಿರಡೆ ಎಲ್ಲೋ ಬಿತ್ತು ಸಾರ್," ಎಂದು ರಶೀದ್ ಮೇಜಿನ ಕೆಳಗೆ ಬಗ್ಗಿದ.

ಕುರ್ಚಿಯ ಕಾಲುಗಳ ನಡುವೆ ನಿಧಾನವಾಗಿ ಕಣ್ಣಾಡಿಸಿದ. ಮೇಲೆ ಕಾಗದ ಸರಿದ ಸದ್ದು, ಪೆನ್ನಿನ ಟೋಪಿ ತೆಗೆದ ಸದ್ದು ಕೇಳಿಸಿತು. ಅವನ ಎಡ ಮುಷ್ಟಿಯೊಳಗೆ, ಓಬಕ್ಕನ ಬಿಳಿ ಬಟ್ಟೆಯಲ್ಲಿ ಸುತ್ತಿದ ಗಾಜಿನ ಬಿರಡೆ ಆಗಲೇ ಬೆಚ್ಚಗಾಗಿತ್ತು.