ಪೂಜೆಗಿಟ್ಟ ಹೆಲ್ಮೆಟ್

ಆಯುಧಪೂಜೆಯ ಬೆಳಿಗ್ಗೆ ಗಂಗಾಂಬಿಕೆ ಹಜಾರದಲ್ಲಿ ಮಣೆ ಹಾಕಿ ಒಂದೊಂದನ್ನೇ ತೊಳೆದಿಟ್ಟಳು: ಗಂಡನ ತೆಂಗಿನಕಾಯಿ ಮಂಡಿಯ ತಕ್ಕಡಿ, ತನ್ನ ಈಳಿಗೆಮಣೆ, ಮಗಳ ಸೈಕಲ್ಲು. ಕೊನೆಗೆ ಮಗಳ ಬಿಳಿ ಹೆಲ್ಮೆಟ್. ಬೆವರು ನಾರುತ್ತಿದ್ದ ಒಳಗಿನ ಸ್ಪಂಜು ಕಿತ್ತು ಬಿಸಿಲಿಗೆ ಹಾಕಿದಳು.

ಆ ಹೆಲ್ಮೆಟ್ಟಿಗೆ ಮನೆಯಲ್ಲಿ ದೇವರ ಮರ್ಯಾದೆ. ಸಂಕ್ರಾಂತಿ ಮುಗಿದ ವಾರ ಗೊರೂರು ರಸ್ತೆಯಲ್ಲಿ ಒಕ್ಕಣೆಗೆ ಹರಡಿದ್ದ ಹುರುಳಿಯ ಮೇಲೆ ಮಗಳು ಪ್ರೇಕ್ಷಾಳ ಸೈಕಲ್ ಚಕ್ರ ಜಾರಿ, ಹೆಲ್ಮೆಟ್ ಹಾಕಿದ್ದ ತಲೆ ಮೋರಿ ಕಟ್ಟೆಗೆ ಬಡಿದಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆಮೇಲೆ ಎರಡು ಸೈಕಲ್ ಓಟ ಗೆದ್ದಳು. ಹೊಸದು ಕೊಡಿಸೋಣ ಎಂದರೆ ಗಂಡ ಈಶ್ವರಯ್ಯ, "ಪ್ರಾಣ ಉಳಿಸಿದ್ದನ್ನ ಯಾರಾದ್ರೂ ಎಸೀತಾರಾ?" ಎಂದು ಹೆಲ್ಮೆಟ್ಟಿನ ಮೇಲೆ ತರಚಿದ ಜಾಗಕ್ಕೆ ನಂದಿಯ ಸ್ಟಿಕ್ಕರ್ ಅಂಟಿಸಿದ್ದ. ನಾಳೆ ಹಾಸನದಲ್ಲಿ ಜಿಲ್ಲಾ ಓಟ.

ಗಂಗಾಂಬಿಕೆ ಹೆಲ್ಮೆಟ್ಟಿಗೆ ಮೂರು ಬೆರಳಲ್ಲಿ ವಿಭೂತಿ ಎಳೆದಳು. ನೀರಲ್ಲಿ ಕಲಸಿದ ಕುಂಕುಮವನ್ನು ನಂದಿಯ ಮೇಲೆ ಧಾರಾಳವಾಗಿ ಇಟ್ಟಳು. ಮಂಗಳಾರತಿ ಆಯಿತು.

ಹೂವು ಸರಿಮಾಡಲು ಎತ್ತಿದವಳು ಹಾಗೇ ನಿಂತಳು. ಒಳಗಿನ ಬಿಳಿ ಥರ್ಮಕೋಲಿನಲ್ಲಿ ಈ ಕಿವಿಯಿಂದ ಆ ಕಿವಿಯವರೆಗೆ ಕೆಂಪು ಗೆರೆ.

"ರೀ, ಬನ್ನಿ ಇಲ್ಲಿ."

"ಕುಂಕುಮ ಸೋರೈತೆ ಕಣೆ. ಅದಕ್ಯಾಕೆ ಅಂಗೆ ಕೂಗ್ತೀಯ?"

"ಎಲ್ಲಿಂದ ಸೋರ್ತು?"

ಪ್ರೇಕ್ಷಾ ಓಡಿ ಬಂದು ಎರಡೂ ಬದಿ ಹಿಡಿದು ಸುಮ್ಮನೆ ಒಂದಿಷ್ಟು ಅಗಲಿಸಿದಳು. ಅಷ್ಟೇ. ನಂದಿ ಹರಿದು, ಹೆಲ್ಮೆಟ್ ಎರಡು ಹೋಳಾಗಿ ಕೈಗೆ ಬಂತು.

ಊದುಬತ್ತಿಯ ಬೂದಿ ತಕ್ಕಡಿಯ ಮೇಲೆ ಉದುರಿತು.

"ನೆನ್ನೆ ಚನ್ನರಾಯಪಟ್ಟಣದವರೆಗೂ ಹೋಗಿದ್ದೆನಮ್ಮ," ಎಂದಳು ಪ್ರೇಕ್ಷಾ. "ಲಾರಿಗಳ ಪಕ್ಕದಲ್ಲೇ. ಇದನ್ನೇ ಹಾಕ್ಕೊಂಡು."

ಈಶ್ವರಯ್ಯ ಕುಳಿತು ಹೋಳಿನ ಅಂಚನ್ನು ಬೆರಳಲ್ಲಿ ಸವರಿ ನೋಡಿದ.

"ಮಂಡೀಲಿ ಒಂದೊಂದು ಕಾಯೀನೂ ಕುಟ್ಟಿ ಸೀಳೈತಾ ಅಂತ ಕಿವಿಗಿಟ್ಟು ಕೇಳ್ತೀರಿ," ಎಂದಳು ಗಂಗಾಂಬಿಕೆ. ಬೈಗುಳ ಅರ್ಧಕ್ಕೇ ನಿಂತಿತು. ಅವನ ಮುಖ ನೋಡಿದರೆ ಬೈಯುವಂತಿರಲಿಲ್ಲ. "ಅವತ್ತು ಏಟು ತಿಂದಿದ್ದು ಇದು ಕಣ್ರೀ. ಅವತ್ತೇ ಇದರ ಕೆಲಸ ಮುಗೀತು. ನಮಗೆ ಗೊತ್ತಾಗಲಿಲ್ಲ."

ಈಶ್ವರಯ್ಯ ಎದ್ದು ಹಾಸನದ ಸೈಕಲ್ ಅಂಗಡಿಗೆ ಫೋನ್ ಮಾಡಿದ. "ಪೂಜೆ ಮಾಡಿ ಬಾಗಿಲು ಹಾಕಿದೀವಿ ಸಾ. ನಾಡಿದ್ದು ಬನ್ನಿ," ಎಂದರು ಅಲ್ಲಿ.

"ಯಾರ್ದಾದ್ರೂ ಇಸ್ಕೊಂಡ್ರೆ?" ಎಂದ ಮಗಳತ್ತ ತಿರುಗಿ.

"ಅದು ಎಲ್ಲೆಲ್ಲಿ ಬಿದ್ದೈತೋ ಯಾರಿಗೆ ಗೊತ್ತಪ್ಪ? ಬ್ಯಾಡ. ನಾಳೆ ನಾನು ಓಟಕ್ಕೆ ಹೋಗಲ್ಲ." ಹಾಗೆಂದು ಅಳುತ್ತಾ ಒಳಗೆ ಹೋದಳು. ತಿಂಗಳುಗಟ್ಟಲೆ ಬೆಳಗಿನ ಜಾವ ಎದ್ದು ಸೈಕಲ್ ತುಳಿದವಳು.

ಗಂಗಾಂಬಿಕೆ ಹೋಳುಗಳನ್ನು ತಿಪ್ಪೆಗೆ ಹಾಕಲು ಹೊರಟವಳು ಬಾಗಿಲಲ್ಲಿ ನಿಂತಳು. ಗದ್ದದ ಪಟ್ಟಿ ಎರಡು ಹೋಳನ್ನೂ ಇನ್ನೂ ಹಿಡಿದುಕೊಂಡಿತ್ತು. ಜೋಡಿಸಿಟ್ಟರೆ ಇಡೀ ಹೆಲ್ಮೆಟ್ಟಿನಂತೆಯೇ ಕಾಣುತ್ತಿತ್ತು. ಅವಳು ಹಿಂದಿರುಗಿ, ಹೂವು ಮುಡಿದ ಈಳಿಗೆಮಣೆಯನ್ನು ಎಳೆದುಕೊಂಡಳು.

"ಪೂಜೆಗಿಟ್ಟಿದ್ದನ್ನ ಇವತ್ತು ಮುಟ್ಟಬಾರದು ಕಣೆ!"

"ತಿಪ್ಪೇಲಿ ಯಾರಾದ್ರೂ ಕಂಡು ಅವರ ಮಗೀನ ತಲೆಗೆ ಹಾಕಿದ್ರೆ?"

ಕುಂಕುಮ ಮೆತ್ತಿದ ಅಲಗಿಗೆ ಒತ್ತಿ, ಪಟ್ಟಿಯನ್ನು ತುಂಡು ತುಂಡಾಗಿ ಕತ್ತರಿಸಿದಳು. ಈಶ್ವರಯ್ಯ ಇನ್ನೊಂದು ಕೊನೆಯನ್ನು ಬಿಗಿಯಾಗಿ ಹಿಡಿದುಕೊಟ್ಟ.