ಹಸಿರು ಅಂಗಿಯ ಕರೆ

ಬೆಕ್ಕಿಗೆ ಪ್ರಾಣಸಂಕಟ, ಇಲಿಗೆ ಚೆಲ್ಲಾಟ. ನಾನು ತಿರುಚಿದ್ದು ಗಾದೆಯನ್ನಷ್ಟೇ, ಕಥೆ ನಡೆದದ್ದೇ.

ನಮ್ಮ ಸ್ಲೈಗೊ ಊರಿನ ಫುಟ್‌ಬಾಲ್ ತಂಡಕ್ಕೆ ಫಿಂಟನ್ ಗೆರಟಿ ಹದಿನಾಲ್ಕು ವರ್ಷಗಳಲ್ಲಿ ಇನ್ನೂರ ಹನ್ನೊಂದು ಗೋಲು ಹೊಡೆದಿದ್ದ. ಐರ್ಲೆಂಡ್ ತಂಡದ ಹಸಿರು ಅಂಗಿ ಮಾತ್ರ ಒಮ್ಮೆಯೂ ಮೈಗೇರಿರಲಿಲ್ಲ. ಆಯ್ಕೆದಾರರ ಕಣ್ಣೆಲ್ಲ ಇಂಗ್ಲೆಂಡಿನಲ್ಲಿ ಆಡುವವರ ಮೇಲೆ. ಇವನಿಗಾಗಲೇ ಮೂವತ್ತಮೂರು.

ಒಂದು ಶುಕ್ರವಾರ ಅವನ ಗೆಳೆಯನಾದ ನಾನು ತಮಾಷೆಗೆಂದು ರಾಷ್ಟ್ರೀಯ ತಂಡದ ತರಬೇತುದಾರನ ಗೊಗ್ಗರು ದನಿಯನ್ನು ಅಣಕಿಸಿ ಅವನಿಗೆ ಫೋನ್ ಮಾಡಿದೆ. "ಮಂಗಳವಾರ ಡಬ್ಲಿನ್‌ಗೆ ಬಂದ್ಬಿಡಪ್ಪ. ಬೂಟ್ ಮರೀಬೇಡ."

ನನ್ನ ದನಿ ಗುರುತಿಸಿ ಬೈಯುತ್ತಾನೆಂದು ಕಾದೆ. "ಬರ್ತೀನಿ ಸಾರ್," ಎಂದ, ಪೂರ್ತಿ ನಂಬಿ. ಫೋನಿಟ್ಟುಬಿಟ್ಟ.

ಶನಿವಾರ ನಿಜ ಹೇಳಲು ಧೈರ್ಯ ಬರಲಿಲ್ಲ. ಅಷ್ಟರಲ್ಲಿ ಅವನಮ್ಮ ಡೀಲಿಯಾ ಚರ್ಚಿನ ಫಾದರಿಗೆ ಸುದ್ದಿ ಮುಟ್ಟಿಸಿಯಾಗಿತ್ತು. ಭಾನುವಾರದ ಪೂಜೆಯಲ್ಲಿ ಫಾದರ್, "ನಮ್ಮ ಫಿಂಟನ್‌ಗಾಗಿ ಪ್ರಾರ್ಥಿಸೋಣ," ಎಂದರು. ಊರೇ ಮೊಣಕಾಲೂರಿತು, ನಾನೂ ಊರಿದೆ. ಡೀಲಿಯಾ ಮಗನ ಬೂಟುಗಳಿಗೆ ಪವಿತ್ರ ಜಲ ಚಿಮುಕಿಸಿದಳು.

ಹೊರಗೆ ಬಂದೊಡನೆ ಅವನನ್ನು ಗೋಡೆಯ ಮರೆಗೆ ಎಳೆದುಕೊಂಡೆ. ನಿಜ ಹೇಳಲೆಂದು ಅದೇ ಗೊಗ್ಗರು ದನಿಯಲ್ಲಿ, "ಬಂದ್ಬಿಡಪ್ಪ," ಎಂದೆ.

ಅವನ ಮುಖ ಬಿಳಿಚಿತು. "ನೀನೇನೋ, ಕತ್ತೆ? ಅಮ್ಮಂಗೆ ಏನಂತ ಹೇಳ್ಲೋ ಈಗ?"

ಬೂಟುಗಳನ್ನೆತ್ತಿಕೊಂಡು ಡೀಲಿಯಾ ಬಂದೇಬಿಟ್ಟಳು, ಹಿಂದೆ ಅರ್ಧ ಊರು. "ಏನ್ರೋ ಅದು ಗುಸುಗುಸು?"

"ಅಮ್ಮಾ, ನನ್ನನ್ನ ಯಾರೂ ಕರೆದಿಲ್ಲ. ನಿನ್ನ ಮುಖ ಹೇಗಾಗುತ್ತೆ ನೋಡೋಣ ಅಂತ ನಾನೇ ಸುಳ್ಳು ಹೇಳ್ದೆ," ಎಂದ ಫಿಂಟನ್.

"ಹಾಳಾದೋನೇ!" ಅವಳು ಒದ್ದೆ ಬೂಟಿನಿಂದಲೇ ಅವನ ಬೆನ್ನಿಗೆ ಬಾರಿಸಿದಳು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣೊರೆಸಿಕೊಳ್ಳುತ್ತ, ಫಿಂಟನ್ ನಕ್ಕ.