ಹೊನ್ನೂರಿಗೆ ಬಂದವನು ಯಾರು

ಶಿವನಂಜಯ್ಯ ಮಗಳ ಮನೆಗೆ ಬಂದ ಸುದ್ದಿಯನ್ನು ಮೊದಲು ಯಾರೂ ನಂಬಲಿಲ್ಲ. ನಂಬುವುದಾದರೂ ಹೇಗೆ? ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಅವನ ಹಠ ಅಂದರೆ ಹಠ. ಒಬ್ಬಳೇ ಮಗಳು ಪ್ರೇಮಾ ಜಾತಿ ಬಿಟ್ಟು, ಹೊನ್ನೂರಿನ ಆಟೋ ಓಡಿಸುವ ಮಾದಸ್ವಾಮಿಯನ್ನು ಯಳಂದೂರಿನಲ್ಲಿ ರಿಜಿಸ್ಟರ್ ಮದುವೆಯಾದ ದಿನ, ಇವನು ಮಗ್ಗದಿಂದ ಎದ್ದು ತಲೆ ಮೇಲೆ ನೀರು ಸುರಿದುಕೊಂಡು, ಮತ್ತೆ ಬಂದು ಮಗ್ಗಕ್ಕೆ ಕೂತವನು. ಮಗಳು ಸತ್ತಳು ಅಂತ ಬಾಯಿಬಿಟ್ಟು ಹೇಳುವ ಅಗತ್ಯವೂ ಅವನಿಗೆ ಕಾಣಲಿಲ್ಲ. ಆರು ವರ್ಷ ಅವಳ ಹೆಸರೆತ್ತಲಿಲ್ಲ. ಹೆಂಡತಿ ತೀರಿಕೊಂಡಾಗ ಪ್ರೇಮಾ ಎದ್ದುಬಿದ್ದು ಓಡಿ ಬಂದರೆ, ಬೀದಿಯ ತುದಿಯಿಂದ ಈಚೆಗೆ ಕಾಲಿಡಲು ಬಿಡಲಿಲ್ಲ. ತಾಯಿಯ ಹೆಣ ಸಾಗುವುದನ್ನು ಅವಳು ಯಾರದೋ ಅಂಗಡಿಯ ಜಗಲಿ ಮೇಲೆ ನಿಂತು ನೋಡಿದಳು. ಅಂಥ ಅಪ್ಪ.

ಆ ಅಪ್ಪ, ಅವರೆಕಾಯಿ ಕಾಲದ ಒಂದು ಮಧ್ಯಾಹ್ನ ಬಸ್ಸಿಳಿದು, ಕೈಯಲ್ಲಿ ಏಲಕ್ಕಿ ಬಾಳೆಯ ಚಿಪ್ಪು ಹಿಡಿದುಕೊಂಡು, ಹಲ್ಲು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದ. ಮಾದಸ್ವಾಮಿಗೆ ಜೀವ ಬಾಯಿಗೆ ಬಂತು. ಹೊಡೆಯಲು ಬಂದಿರಬೇಕು ಅಂತ ಹಿಂದಕ್ಕೆ ಸರಿದ. ಶಿವನಂಜಯ್ಯ ಸೀದಾ ಒಳಗೆ ಬಂದು ಚಕ್ಕಳಮಕ್ಕಳ ಹಾಕಿ ಕೂತು, ಏನು ಸಾರು ಅಂತ ಕೇಳಿದ. ಹಿತಕಿದ ಬೇಳೆ ಅಂದಳು ಪ್ರೇಮಾ. ಮುದ್ದೆ ಕೇಳಿ ಕೇಳಿ ಹಾಕಿಸಿಕೊಂಡು ಉಂಡ. ಮೊಮ್ಮಗಳು ಸ್ಪಂದನಳನ್ನು ಹೆಗಲಿಗೇರಿಸಿಕೊಂಡು ಊರೆಲ್ಲ ಸುತ್ತಿದ. ಪ್ರೇಮಾ ಹಿತ್ತಲಿಗೆ ಹೋಗಿ, ಸೆರಗು ಬಾಯಿಗೆ ತುರುಕಿಕೊಂಡು ಮನಸಾರೆ ಅತ್ತಳು.

ಆಮೇಲೆ ವಾರವಾರವೂ ಬರತೊಡಗಿದ. ಬಂದರೆ ನಗು, ಹಾಡು, ಪೋಲಿ ಮಾತು. ಬಸ್ಸಿನಲ್ಲಿ ಯಾರಿಗೋ ಚಪ್ಪಲಿ ಕೊಟ್ಟು ಬರಿಗಾಲಲ್ಲಿ ಬಂದದ್ದುಂಟು. ಪಕ್ಕದ ಮನೆಯಲ್ಲಿ ಸಾವಾಗಿ ಹೆಂಗಸರು ಅಳುತ್ತಿದ್ದರೆ ಅಲ್ಲೇ ನಿಂತು ಕಿಸಕ್ಕನೆ ನಕ್ಕದ್ದೂ ಉಂಟು. ಗಿರಾಕಿ ಕೆಂಪು ಅಂಚು ಹೇಳಿದ್ದ ಸೀರೆಗೆ ಗಿಳಿಹಸಿರು ನೇಯ್ದು, ಇದೇ ಚೆಂದ ಅಂದನಂತೆ. ಇದೆಲ್ಲ ಪ್ರೇಮಾಳ ಕಣ್ಣಿಗೆ ಬೀಳಲಿಲ್ಲವೇ? ಬಿತ್ತು. ಬೀಳದವಳ ಹಾಗೆ ಇದ್ದಳು. ಆರು ವರ್ಷ ಬಾಯಾರಿದವಳು ನೀರಿನಲ್ಲಿ ಕಸ ಇದೆಯೇ ಅಂತ ನೋಡುತ್ತಾಳೆಯೇ?

ಒಂದು ದಿನ ಶಿವನಂಜಯ್ಯ ಮಗ್ಗದ ಮೇಲೇ ಬಿದ್ದು ಕೈಕಾಲು ಸೆಟೆದುಕೊಂಡ. ತಮ್ಮ ಕೆಂಪನಂಜಪ್ಪ ಕಾರು ಮಾಡಿಸಿಕೊಂಡು ಮೈಸೂರಿಗೆ ಕರೆದೊಯ್ದ. ಪ್ರೇಮಾಳೂ ಹೋದಳು, ಆಸ್ಪತ್ರೆಯಲ್ಲಿ ಬೀದಿಯ ಕಟ್ಟಳೆ ನಡೆಯುವುದಿಲ್ಲವಲ್ಲ. ಸ್ಕ್ಯಾನಿಂಗ್ ನೋಡಿ ಡಾಕ್ಟರು ಹೇಳಿದರು: ಹಣೆಯ ಹಿಂದೆ, ಮೆದುಳಿಗೆ ಒತ್ತಿಕೊಂಡು, ನಿಂಬೆಹಣ್ಣಿನಷ್ಟು ದೊಡ್ಡ ಗೆಡ್ಡೆ. ಕೆಟ್ಟ ಜಾತಿಯದಲ್ಲ, ನಿಧಾನವಾಗಿ ಬೆಳೆದದ್ದು, ತೆಗೆಯಬಹುದು. ಬಿಟ್ಟರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ. ಮನುಷ್ಯನ ನಾಚಿಕೆ, ಬಿಗಿ, ಹಿಡಿತ ಎಲ್ಲ ಇರುವುದು ಆ ಜಾಗದಲ್ಲೇ. ಈಚೆಗೆ ಏನಾದರೂ ಬದಲಾಗಿದ್ದರೆ ಅದಕ್ಕೆ ಇದೇ ಕಾರಣ ಇರಬಹುದು ಅಂದರು.

ಕೆಂಪನಂಜಪ್ಪನ ಮುಖ ಅರಳಿತು. ಅಣ್ಣನ ತಲೆಯಲ್ಲಿ ಗೆಡ್ಡೆ ಅಂತ ಕೇಳಿ ಮುಖ ಅರಳಿಸಿಕೊಂಡ ಭೂಪ ಇವನೊಬ್ಬನೇ ಇರಬೇಕು.

"ನಾನು ಆಗ್ಲೇ ಅನ್ಕಂಡಿದ್ದೆ," ಅಂದ ಪ್ರೇಮಾಳ ಕಡೆ ತಿರುಗಿ. "ಬುದ್ಧಿ ನೆಟ್ಟಗಿದ್ದಿದ್ರೆ ನಮ್ಮಣ್ಣ ನಿನ್ ಬಾಗ್ಲಿಗೆ ಬತ್ತಿದ್ನಾ?"

ಆ ಮಾತು ಅವಳ ಎದೆಗೆ ನಾಟಿತು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತು ಅವಳು ಯೋಚಿಸಿದ್ದನ್ನು ಹೇಳಿದರೆ ನಿಮಗೆ ಅವಳ ಮೇಲೆ ಸಿಟ್ಟು ಬಂದೀತು. ಗೆಡ್ಡೆ ಅಲ್ಲೇ ಇದ್ದುಬಿಡಲಿ ಅಂದುಕೊಂಡಳು. ತೆಗೆದರೆ ಆ ಹಳೇ ಅಪ್ಪ ಎದ್ದು ಬರುತ್ತಾನೆ; ಬಿಟ್ಟರೆ ಈ ಅಪ್ಪ ನಗುನಗುತ್ತಾ ಸಾಯುತ್ತಾನೆ. ಎರಡರಲ್ಲಿ ಯಾವುದು ಬೇಕು ಅಂತ ಮನಸ್ಸು ಕೇಳಿದಾಗ ಒಂದು ಗಳಿಗೆ ಅವಳು ಉತ್ತರ ಕೊಡಲಿಲ್ಲ. ಆ ಒಂದು ಗಳಿಗೆಗಾಗಿ ಆಮೇಲೆ ತನ್ನನ್ನು ತಾನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ ಅಪ್ಪನ ಪಕ್ಕ ಕೂತು, ನನ್ನ ಮನೆಗೆ ಯಾಕೆ ಬಂದೆ ಅಂತ ಕೇಳಿದಳು. ಅವನು ಬೋಳಿಸಿದ ತಲೆ ಸವರಿಕೊಂಡು ನಕ್ಕ. ಬರಬೇಕು ಅನ್ನಿಸಿತು, ಬಂದೆ ಅಂದ. ಯಾಕೆ ಅನ್ನಿಸಿತು ಅಂತ ಮತ್ತೆ ಕೇಳಿದರೆ, ಪಕ್ಕದ ಮಂಚದವನ ಹೊಟ್ಟೆ ತೋರಿಸಿ ಏನೋ ತಮಾಷೆ ಮಾಡಿದ. ಅವಳಿಗೆ ಬೇಕಾಗಿದ್ದದ್ದು ಅದಲ್ಲ. ನಿನ್ನ ಮೇಲಿನ ಆಸೆಗೆ ಬಂದೆ ಅನ್ನುವ ಒಂದು ಮಾತು. ಅದು ಸಿಗಲಿಲ್ಲ.

ಗೆಡ್ಡೆ ಪೂರಾ ಬಂತು. ಒಂದೆರಡು ದಿನ ಮಂಪರಿನಲ್ಲಿದ್ದ ಶಿವನಂಜಯ್ಯ ಆಮೇಲೆ ಕಣ್ಣು ಬಿಟ್ಟ. ಆ ಕಣ್ಣು ನೋಡಿದ ಕೂಡಲೇ ಪ್ರೇಮಾಳಿಗೆ ಗೊತ್ತಾಯಿತು. ಅವನು ಅವಳನ್ನು ಮಾತನಾಡಿಸಲಿಲ್ಲ. ತಮ್ಮನನ್ನು ಕೇಳಿದ:

"ಇವ್ಳನ್ನ ಯಾರ್ಲಾ ಕರ್ಸ್ದವ್ರು?"

ಅವಳು ತಂದಿದ್ದ ಗಂಜಿಯ ಕ್ಯಾರಿಯರನ್ನು ಅಲ್ಲೇ ಇಟ್ಟು ಹೊನ್ನೂರಿನ ಬಸ್ಸು ಹತ್ತಿದಳು.

ಅಪ್ಪ ಕೊಳ್ಳೇಗಾಲಕ್ಕೆ ಮರಳಿ ಚೇತರಿಸಿಕೊಂಡ ಮೇಲೆ ಕೆಂಪನಂಜಪ್ಪ ಫೋನು ಮಾಡಿದ. ಬೀದಿಯ ಯಜಮಾನರು ಕೂತು ಎಲ್ಲ ಮುಗಿಸಿದ್ದರು. ಕುಲ ಬಿಟ್ಟವಳ ಮನೆಯಲ್ಲಿ ಉಂಡದ್ದು ತಪ್ಪೇ. ಆದರೆ ಉಂಡವನು ಶಿವನಂಜಯ್ಯನಲ್ಲ, ಗೆಡ್ಡೆ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವನಿಗೆ ತಪ್ಪಿಲ್ಲ, ದಂಡವಿಲ್ಲ. ತೀರ್ಥ ಕುಡಿದರೆ ಸಾಕು. ಕೊಟ್ಟರು, ಕುಡಿದ. ಅಪ್ಪ ಏನಂದ ಅಂತ ಪ್ರೇಮಾ ಕೇಳಿದಳು. ತಲೆ ತಗ್ಗಿಸಿ ಕೂತಿದ್ದ ಅಂದ ಚಿಕ್ಕಪ್ಪ. ನಮ್ಮಪ್ಪನೂ ಹೀಗೇ, ಒಡಹುಟ್ಟಿದ ತಂಗಿಯನ್ನೇ ಸಾಯುವ ತನಕ ಹೊಸಿಲು ಹತ್ತಿಸಲಿಲ್ಲ, ನಮ್ಮ ಮನೆತನದ ರಕ್ತವೇ ಅಂಥದ್ದು ಅಂತ ಹೆಮ್ಮೆಯಿಂದ ಸೇರಿಸಿದ.

ಪ್ರೇಮಾ ಫೋನಿಟ್ಟು ಗಂಡನ ಮೇಲೆ ಹರಿಹಾಯ್ದಳು. ಪಾಪದವನು, ಅವನೇನು ಮಾಡಿದ್ದ? ಎದುರಿಗಿದ್ದ, ಅಷ್ಟೇ. ಆರು ವರ್ಷ ದ್ವೇಷ ಮಾಡಿದ್ದು ರಕ್ತವಂತೆ, ಒಂದಷ್ಟು ದಿನ ಪ್ರೀತಿ ಮಾಡಿದ್ದು ಗೆಡ್ಡೆಯಂತೆ, ಹಾಗಾದರೆ ಅಪ್ಪ ಅನ್ನುವವನು ಎಲ್ಲಿದ್ದಾನೆ ಅಂತ ಕೂಗಾಡಿದಳು. ನ್ಯಾಯವಾದ ಪ್ರಶ್ನೆಯೇ. ಪ್ರೀತಿ ಮಾಡಿದ್ದಕ್ಕೆ ಮೈಸೂರಿನ ಸ್ಕ್ಯಾನಿಂಗಿನಲ್ಲಿ ಕಾರಣ ಸಿಕ್ಕಿತು. ಹೆತ್ತ ಮಗಳನ್ನು ತಾಯಿಯ ಹೆಣದಿಂದ ದೂರ ನಿಲ್ಲಿಸಿದ ಕೋಪಕ್ಕೆ ಯಾವ ಪುಣ್ಯಾತ್ಮನೂ ಸ್ಕ್ಯಾನಿಂಗ್ ಮಾಡಿಸಲಿಲ್ಲ. ಆದರೆ ನ್ಯಾಯವಾಗಿದ್ದರೆ ಸಂಕಟ ಕಮ್ಮಿಯಾಗುತ್ತದೆಯೇ? ತಾತ ಯಾವಾಗ ಬರುತ್ತಾನೆ ಅಂತ ಮಗು ಕೇಳಿದಾಗಲೆಲ್ಲ ಅವಳು ಏನಾದರೂ ಕೆಲಸ ಹಿಡಿದು ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನನ್ನನ್ನು ನೋಡಬೇಕು ಅಂತ ಅಪ್ಪನಿಗೆ ಒಂದು ದಿನವೂ, ಒಂದೇ ಒಂದು ದಿನವೂ ಅನ್ನಿಸಿರಲಿಲ್ಲವೇ ಅನ್ನುವುದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಕಬ್ಬು ಕಡಿಯುವ ಕಾಲಕ್ಕೆ ಒಂದು ದಿನ, ಮಾದಸ್ವಾಮಿ ಬಾಡಿಗೆಗೆ ಹೋಗಿದ್ದಾಗ, ಶಿವನಂಜಯ್ಯ ಬಂದ.

ಈ ಸಲ ಕೈಯಲ್ಲಿ ಹಣ್ಣಿಲ್ಲ, ಮುಖದಲ್ಲಿ ನಗುವಿಲ್ಲ. ತಲೆಗೆ ಟವೆಲ್ ಸುತ್ತಿದ್ದ. ಹೊಸಿಲ ಬಳಿ ಬಂದು ಕಾಲು ತಡೆದು ನಿಂತ. ಎಷ್ಟೋ ಹೊತ್ತು ನಿಂತೇ ಇದ್ದ. ಪ್ರೇಮಾ ಒಳಗಿನಿಂದ ನೋಡುತ್ತಿದ್ದಳು. ಕೊನೆಗೆ ಅವನೇ ತಲೆ ಬಗ್ಗಿಸಿಕೊಂಡು ಒಳಗೆ ಬಂದು ಗೋಡೆಗೊರಗಿ ಕೂತ. ಸ್ಪಂದನ ತಾತ ಅಂತ ಓಡಿಬಂದು ತೊಡೆ ಹತ್ತಿದಳು. ಅವನು ಮರದ ಹಾಗೆ ಬಿಗಿದುಕೊಂಡ. ತಳ್ಳಲಿಲ್ಲ, ತಬ್ಬಲೂ ಇಲ್ಲ. ಮಗುವಿಗೆ ಅದು ತಿಳಿಯಿತೇನೋ, ಮೆಲ್ಲಗೆ ಇಳಿದು ಹೊರಗೆ ಹೋಯಿತು.

"ಯಜಮಾನ್ರುಗೆ ಯೋಳ್ಬುಟ್ಟು ಬಂದಿವ್ನಿ," ಅಂದ. "ಇವತ್ತು ಓಯ್ತಿರೋನು ನಾನೇ, ಬುದ್ಧಿ ನೆಟ್ಟಗದೆ ಅಂತ."

ಅಂದರೆ ಇನ್ನು ಆ ಬೀದಿಯಲ್ಲಿ ಅವನಿಗೆ ನೀರು ಕೊಡುವವರೂ ಇಲ್ಲ. ಪ್ರೇಮಾಳಿಗೆ ಅದು ಗೊತ್ತಾಗದೆ ಏನು. ಆಸೆ ಉಕ್ಕಿತು, ಹತ್ತಿರ ಬಂದು ಕೂತು, ನನ್ನ ನೋಡಬೇಕು ಅನ್ನಿಸಿತೇ ಅಪ್ಪ ಅಂತ ಕೇಳಿಯೇಬಿಟ್ಟಳು.

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ ಕಣವ್ವ. ನಿನ್ನ ಕಂಡ್ರೆ ಈಗ್ಲೂ ಒಳ್ಗೆ ಉರೀತದೆ. ಆಗ ಬತ್ತಿದ್ದಾಗ ಒಂದು ಖುಷಿ ಇತ್ತಲ್ಲ, ಅದು ಗ್ಯಾಪ್ನ ಅದೆ. ಮನೇಲಿ ಕೂತ್ಕಂಡು ಹುಡುಕ್ದೆ. ಎಲ್ಲೂ ಸಿಕ್ನಿಲ್ಲ."

"ಮತ್ಯಾಕ್ ಬಂದೆ?"

ಶಿವನಂಜಯ್ಯ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ. ಹಣೆಯ ಮೇಲಿನ ಹೊಲಿಗೆಯ ಗೆರೆ ಇನ್ನೂ ಕೆಂಪಗಿತ್ತು.

"ಆರ್ ವರ್ಸ ತಡೆದದ್ದು ರಕ್ತ ಅಂದ್ರು. ಆಮೇಕೆ ಕರ್ಕಬಂದದ್ದು ಗೆಡ್ಡೆ ಅಂದ್ರು. ಇರ್ಬೋದು. ಹಂಗಾದ್ರೆ ನಾನು ಬರೋದು ಯಾವಾಗವ್ವ?"

ಪ್ರೇಮಾ ಎದ್ದು ತಟ್ಟೆ ಇಟ್ಟು ಮುದ್ದೆ ಹಾಕಿ ಸಾರು ಬಿಟ್ಟಳು. ಅವನು ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡ. ಅದು ಗಂಟಲಲ್ಲಿ ಇಳಿಯಲೊಲ್ಲದು. ನೀರು ಕುಡಿದು ನುಂಗಿದ. ಮತ್ತೊಂದು ತುತ್ತಿಗೂ ಅದೇ ಪಾಡು. ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು, ಕಣ್ಣಲ್ಲಿ ನೀರು ತುಂಬಿತ್ತು. ಅಸಹ್ಯವೋ, ಹಳೇ ಕೋಪವೋ, ಇನ್ನೇನೋ, ಅವಳಿಗೆ ತಿಳಿಯಲಿಲ್ಲ. ಇಷ್ಟು ಕಷ್ಟಪಟ್ಟು ಯಾರಾದರೂ ತನ್ನ ಮನೆಯ ಅನ್ನ ಉಣ್ಣುವುದನ್ನು ನೋಡಿ ಅವಳಿಗೆ ಅವಮಾನವಾಯಿತು, ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಕರುಳು ಕಿತ್ತು ಬಂತು.

"ಸಾಕು ಬುಡಪ್ಪ," ಅಂದು ತಟ್ಟೆಗೆ ಕೈ ಹಾಕಿದಳು. "ಆಗ್ದಿದ್ರೆ ಎದ್ದೇಳು."

ಅವನು ಎಡಗೈಯಿಂದ ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಾಯಲ್ಲಿದ್ದದ್ದನ್ನು ನುಂಗಿ ಮುಗಿಸಿದ.

"ಇನ್ನೊಂದು ಮುದ್ದೆ ಇಕ್ಕು," ಅಂದ.